ನಾಗಸಂದ್ರದಿಂದ ಸಮುದ್ರಕ್ಕೆ

ಶುಕ್ರವಾರ ರಾತ್ರಿ ಒಂಬತ್ತೂವರೆ. ತುಮಕೂರು ರಸ್ತೆಯ ಎಂಟನೇ ಮೈಲಿ ನಿಲ್ದಾಣದಲ್ಲಿ ನಾವು ಹದಿನಾಲ್ಕು ಹೆಂಗಸರು ನಿಂತಿದ್ದೇವೆ. ಕಾಲಬುಡದಲ್ಲಿ ರೆಕ್ಸಿನ್ ಬ್ಯಾಗು, ವೈರಿನ ಬುಟ್ಟಿ, ಚೂರುಬಟ್ಟೆ ಕೂಡಿಸಿ ಹೊಲಿದ ಕೈಚೀಲ. ಒಂದರಲ್ಲಿ ಚಪಾತಿ, ಕಡ್ಲೆಬೀಜದ ಚಟ್ನಿಪುಡಿ. ಇನ್ನೊಂದರಲ್ಲಿ ಪುಳಿಯೋಗರೆ. ಮತ್ತೊಂದರಲ್ಲಿ ನಿಪ್ಪಟ್ಟು. ಸಂಜೆ ಐದೂವರೆಯ ಬೆಲ್ ಆದದ್ದೇ ಮನೆಗೆ ಓಡಿ, ಮೂರು ದಿನಕ್ಕೆ ಆಗುವಷ್ಟು ಹಿಟ್ಟು ರುಬ್ಬಿಟ್ಟು, ಮಕ್ಕಳಿಗೆ ಹೇಳಬೇಕಾದ್ದನ್ನೆಲ್ಲ ಎರಡೆರಡು ಸಲ ಹೇಳಿ, ಬೆವರು ಒರೆಸಿಕೊಳ್ಳುತ್ತ ಬಂದವರೇ ಹೆಚ್ಚು. ಮೂರು ದಿನ ಮನೆ ಬಿಡುವುದು ಎಂದರೆ ನಮ್ಮಲ್ಲಿ ಯಾರದೋ ಬಾಣಂತನಕ್ಕೆ, ಇಲ್ಲವೇ ಯಾರದೋ ತಿಥಿಗೆ. ಸುಮ್ಮನೆ ಇದ್ದು ಬರಲಿಕ್ಕೆ ಎಂದು ಹೊರಟವರು ನಮ್ಮ ಬೀದಿಯಲ್ಲಿ ನಾವೇ ಮೊದಲು.

ಬೀದಿ ಇರುವುದು ನಾಗಸಂದ್ರದಲ್ಲಿ. ಈ ಹೆಸರಿನೊಳಗೆ ಒಂದು ಸಮುದ್ರವಿದೆ. ಸಿಂಗಸಂದ್ರ, ಬೊಮ್ಮಸಂದ್ರ, ತಿಪ್ಪಸಂದ್ರ, ನಾಗಸಂದ್ರ ಎಂದು ಬೆಂಗಳೂರಿನ ಸುತ್ತ ಇರುವ ಊರುಗಳ ಕೊನೆಯ ‘ಸಂದ್ರ’ ಎಂದರೆ ಸಮುದ್ರ. ಮಳೆನೀರು ಹಿಡಿದಿಟ್ಟ ದೊಡ್ಡ ಕೆರೆಯನ್ನು ಬಯಲುಸೀಮೆಯ ಹಿರಿಯರು ಸಮುದ್ರ ಎಂದೇ ಕರೆದರು. ಹೊಯ್ಸಳರ ರಾಜಧಾನಿಗೆ ದೋರಸಮುದ್ರ ಎಂಬ ಹೆಸರು ಬಂದದ್ದೂ ಹಾಗೆಯೇ. ಉಪ್ಪುನೀರು ಕಾಣದ ನಾಡು ಸಿಹಿನೀರಿಗೇ ಆ ದೊಡ್ಡ ಹೆಸರನ್ನು ಕೊಟ್ಟುಕೊಂಡಿತು. ಈಗ ನಮ್ಮ ಬೀದಿಯ ತುದಿಯಲ್ಲಿ ನಿಂತರೆ ಕಾಣುವುದು ಮೆಟ್ರೊ ಕಂಬಗಳ ಸಾಲು. 2015ರ ಮೇ 1ರಂದು ನಾಗಸಂದ್ರಕ್ಕೆ ಮೆಟ್ರೊ ಬಂತು. ಒಂಬತ್ತು ವರ್ಷ ಹಸಿರು ಮಾರ್ಗದ ಕೊನೆ ನಮ್ಮೂರೇ ಆಗಿತ್ತು. 2024ರ ನವೆಂಬರಿನಲ್ಲಿ ಅದು ಮಾದಾವರದವರೆಗೆ ಮುಂದಕ್ಕೆ ಹೋಯಿತು. ಕೊನೆಯ ನಿಲ್ದಾಣದಲ್ಲಿ ಇಳಿದು ಮನೆಗೆ ನಡೆಯುವವರಿಗೆ ಆಚೆ ಇನ್ನೂ ದಾರಿ ಇದೆ ಎನ್ನುವುದು ಮರೆತೇ ಹೋಗಿರುತ್ತದೆ.

ಈ ಪ್ರವಾಸಕ್ಕೆ ಮೂಲ ಒಂದು ಫೋಟೊ. ನಮ್ಮ ಬೀದಿಯ ಹುಡುಗನೊಬ್ಬ ಆಫೀಸಿನ ಗೆಳೆಯರ ಜೊತೆ ವಿಯೆಟ್ನಾಮಿನ ಹೊಯ್ ಆನ್‌ಗೆ ಹೋಗಿ ಬಂದಿದ್ದ. ಹಳೆಯ ಬಂದರು ಪಟ್ಟಣ. ಜಪಾನಿನ, ಚೀನಾದ ವ್ಯಾಪಾರಿಗಳು ಬಂದು ನೆಲೆಸಿದ್ದ ಊರು. 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿ ಕತ್ತಲಾದ ಮೇಲೆ ಹೊಳೆಯಲ್ಲಿ ಕಾಗದದ ದೀಪಗಳನ್ನು ತೇಲಿಬಿಡುತ್ತಾರೆ. ಆ ಚಿತ್ರವನ್ನು ಅವನ ತಾಯಿ ಚೀಟಿ ಎತ್ತುವ ದಿನ ಎಲ್ಲರಿಗೂ ತೋರಿಸಿದರು. ಫೋನು ಕೈಯಿಂದ ಕೈಗೆ ಹೋಯಿತು. ನಮ್ಮಲ್ಲೇ ಹಿರಿಯರಾದ ಮಧುಗಿರಿ ಕಡೆಯ ಅಕ್ಕ ಅದನ್ನು ತುಂಬ ಹೊತ್ತು ನೋಡಿ ವಾಪಸ್ ಕೊಡುತ್ತ, “ನಮ್ಗೂ ಒಂದ್ ಹಳೇ ಊರು, ಒಂದ್ ಸಮುದ್ರ, ಕೆಲ್ಸ ಇಲ್ದಿರೋ ಎರಡ್ ದಿನ ಬೇಕು ಕಣ್ರೇ” ಎಂದರು. ಅವತ್ತೇ ಬೇರೆ ಒಂದು ಚೀಟಿ ಶುರುವಾಯಿತು. ತಿಂಗಳಿಗೆ ತಲೆಗೆ 300 ರೂಪಾಯಿ, ಹನ್ನೆರಡು ತಿಂಗಳು. ಕೂಗುವುದಿಲ್ಲ, ಎತ್ತುವುದಿಲ್ಲ. ವರ್ಷದ ಕೊನೆಗೆ ಡಬ್ಬದಲ್ಲಿ 50,400 ರೂಪಾಯಿ ಇತ್ತು.

ನಮ್ಮ ಹದಿನಾಲ್ಕು ಜನರಲ್ಲಿ ಹನ್ನೊಂದು ಮಂದಿ ಪೀಣ್ಯದ ಗಾರ್ಮೆಂಟ್ಸಿನವರು. ಟೈಲರು, ಹೆಲ್ಪರು, ಚೆಕಿಂಗ್‌ನವರು. ನಾನೂ ಹನ್ನೊಂದು ವರ್ಷ ಅಲ್ಲಿ ಕೂತು, ಈಗ ಮನೆಯಲ್ಲೇ ಮೆಷಿನ್ ಇಟ್ಟುಕೊಂಡಿದ್ದೇನೆ. ಅಲ್ಲಿ ದಿನ ಎಂಬುದೇ ಇರುವುದಿಲ್ಲ, ಗಂಟೆಗಳಿರುತ್ತವೆ. ಗಂಟೆಗೆ ಇಷ್ಟು ಕಾಲರು, ಇಷ್ಟು ತೋಳು. ಲೈನಿನ ತುದಿಯಲ್ಲಿ ಬೋರ್ಡು. ಅದರ ಮೇಲೆ ಗಂಟೆಗಂಟೆಗೂ ಬರೆಯುವ ಅಂಕಿ. ನೀರು ಕುಡಿಯಲು ಎದ್ದರೆ ಬಂಡಲ್ ಕಾಲಬಳಿ ಗುಡ್ಡೆ ಬೀಳುತ್ತದೆ, ಆದ್ದರಿಂದ ಬಹಳ ಜನ ನೀರೇ ಕುಡಿಯುವುದಿಲ್ಲ. ಆ ಎಣಿಕೆ ಕೆಲಸದ ಜೊತೆಗೆ ಮನೆಗೂ ಬರುತ್ತದೆ. ಈರುಳ್ಳಿ ಹೆಚ್ಚುವಾಗಲೂ ಮೈಯೊಳಗೆ ಒಂದು ಗಡಿಯಾರ ಓಡುತ್ತಿರುತ್ತದೆ.

ಗಣರಾಜ್ಯೋತ್ಸವ ಸೋಮವಾರ ಬಿದ್ದ ವಾರ ನಮಗೆ ದಾರಿ ಬಿಟ್ಟಿತು. ಶನಿವಾರದ ಒಂದು ರಜೆಯನ್ನು ಹದಿನಾಲ್ಕು ಜನ ಹದಿನಾಲ್ಕು ಬಗೆಯಲ್ಲಿ ಕೇಳಿ ಪಡೆದರು. ಹೋಗುವುದು ಗೋಕರ್ಣಕ್ಕೆ. ದೇವರಿದ್ದಾನೆ ಎಂದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಸಮುದ್ರವಂತೂ ಇದ್ದೇ ಇದೆ. ಶಿವಮೊಗ್ಗದ ಕೆಂಪು ಬಸ್ಸು ಬಂದಾಗ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಹತ್ತಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಬಸ್ಸಿಗೆ ಕಾಸಿಲ್ಲ. ಕಂಡಕ್ಟರು ಸೊನ್ನೆಯ ಟಿಕೆಟ್ಟುಗಳನ್ನು ಹರಿದು ಹರಿದು ಕೊಟ್ಟರು. ಆ ಸೊನ್ನೆ ನಮ್ಮ ಡಬ್ಬದ ದುಡ್ಡನ್ನು ಊಟಕ್ಕೂ ತಂಗುವುದಕ್ಕೂ ಉಳಿಸಿಕೊಟ್ಟಿತು.

ಶಿವಮೊಗ್ಗದಲ್ಲಿ ಬೆಳಗಿನ ಜಾವ ಬಸ್ಸು ಬದಲಿಸಿದೆವು. ಸಾಗರ ದಾಟಿ, ತಾಳಗುಪ್ಪ ದಾಟಿ, ಘಟ್ಟದ ತಲೆಯಲ್ಲಿ ಮಾವಿನಗುಂಡಿ ಬರುವ ಹೊತ್ತಿಗೆ ಕಿಟಕಿಯ ಗಾಜಿನ ಮೇಲೆ ಇಬ್ಬನಿ. ಕಾಡು ರಸ್ತೆಯ ಎರಡೂ ಬದಿಯಿಂದ ಬಾಗಿ ನೋಡುತ್ತಿತ್ತು. ಸಿರಾ, ಪಾವಗಡದ ಹುಡುಗಿಯರು ಇಷ್ಟು ಮರವನ್ನು ಒಟ್ಟಿಗೆ ಕಂಡದ್ದೇ ಇಲ್ಲ, ಎಲ್ಲರೂ ಸುಮ್ಮನಾದರು. ಬಸ್ಸು ತಿರುವು ತಿರುವಿಗೂ ಇಳಿಯುತ್ತ ಇಳಿಯುತ್ತ ಗೇರುಸೊಪ್ಪೆಗೆ ಬಂತು. ಇಲ್ಲಿ ಚೆನ್ನಭೈರಾದೇವಿ ಎಂಬ ಹೆಣ್ಣು 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ, ನಾಡು ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಶರಾವತಿ, ಅಘನಾಶಿನಿ ಹೊಳೆಗಳ ಬಾಯಿಯಿಂದ ಹಡಗು ಹತ್ತಿ ಯುರೋಪಿನ ಅಡುಗೆಮನೆ ಸೇರುತ್ತಿತ್ತು. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಇಂದಿಗೂ ನಿಂತಿರುವ ಮಿರ್ಜಾನ್ ಕೋಟೆ ಅವಳ ಹೆಸರಿನ ಜೊತೆ ಬೆಸೆದುಕೊಂಡಿದೆ. ಇದನ್ನು ಹೇಳಿದಾಗ ಹಿಂದಿನ ಸೀಟಿನ ಹುಡುಗಿ ಕೇಳಿದಳು: “ಐವತ್ನಾಲ್ಕು ವರ್ಷ ಒಬ್ಳೇನಾ ಅಕ್ಕ?” ಒಬ್ಬಳೇ ಎಂದೆ. ಅವಳು ಹೊರಗೆ ನೋಡುತ್ತ ಕೂತಳು.

ಹೊನ್ನಾವರದ ಹತ್ತಿರ ಬಸ್ಸು ಬಂದಾಗ ಎಡಗಡೆಯವರೆಲ್ಲ ಎದ್ದು ನಿಂತರು. “ಬಂತು, ಸಮುದ್ರ ಬಂತು!” ಅದು ಶರಾವತಿ. ಕಡಲು ಸೇರುವ ಮುಂಚೆ ಹೊಳೆ ಇಷ್ಟು ಅಗಲಕ್ಕೆ ಕೈ ಚಾಚುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಕಂಡಕ್ಟರು ನಕ್ಕು, “ಇದು ಹೊಳೆ ಅಮ್ಮ, ಸಮುದ್ರ ಮುಂದುಂಟು” ಎಂದರು. ಹೊಳೆಯೇ ಹೀಗಿದ್ದರೆ ಸಮುದ್ರ ಹೇಗಿದ್ದೀತು ಎಂಬ ಮಾತು ಕುಮಟೆಯವರೆಗೂ ನಡೆಯಿತು. ಮಾದನಗೇರಿ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಎಡಕ್ಕೆ ತಿರುಗಿತು. ಆಮೇಲೆ ತೆಂಗು, ಗಜನಿ ಗದ್ದೆ, ಹೆಂಚಿನ ಮನೆ, ಉಪ್ಪು ಬೆರೆತ ಗಾಳಿ.

ನಾವು ಇಳಿದುಕೊಂಡದ್ದು ರಥಬೀದಿಯಿಂದ ಒಳಗೆ ಹೋಗುವ ಒಂದು ಓಣಿಯ ಹಳೆಯ ಮನೆಯಲ್ಲಿ. ಅಂಗಳದಲ್ಲಿ ತುಳಸಿಕಟ್ಟೆ, ಹಿಂದೆ ಬಾವಿ, ಕೆಂಪು ನೆಲದ ಉದ್ದನೆಯ ಜಗಲಿ. ಮನೆಯ ಅಜ್ಜಿ ತೆಳ್ಳೇವು ಹಾಕಿಕೊಟ್ಟರು. ಕಾವಲಿಯ ಮೇಲೆ ಹಿಟ್ಟು ತೆಳ್ಳಗೆ ಎಳೆದರೆ ಬಟ್ಟೆಯಂತೆ ಮಡಚಿಕೊಳ್ಳುವ ದೋಸೆ. ಆಲೆಮನೆಯ ಕಾಲವಾದ್ದರಿಂದ ಜೊತೆಗೆ ಹೊಸ ಜೋನಿಬೆಲ್ಲ, ತುಪ್ಪ. ಚೆಕಿಂಗಿನಲ್ಲಿರುವ ನಮ್ಮ ಗುಬ್ಬಿಯ ಹುಡುಗಿ ತೆಳ್ಳೇವನ್ನು ಬೆಳಕಿಗೆ ಹಿಡಿದು ನೋಡಿದಳು, ಮಸ್ಲಿನ್ ಬಟ್ಟೆ ನೋಡುವ ಹಾಗೆ. “ಒಂದ್ ತೂತಿಲ್ಲ ಅಜ್ಜಿ, ಪಾಸ್” ಎಂದಳು. ಅಜ್ಜಿಗೆ ಮಾತು ಅರ್ಥವಾಗದಿದ್ದರೂ ಮೆಚ್ಚುಗೆ ಅರ್ಥವಾಯಿತು, ಇನ್ನೊಂದು ಬಡಿಸಿದರು.

ಕೋಟಿತೀರ್ಥದ ಮೆಟ್ಟಿಲಿಳಿದು ಕಾಲು ತೊಳೆದು, ಗಣಪತಿಯ ಗುಡಿಗೆ ಹೋಗಿ, ಮಹಾಬಲೇಶ್ವರನ ದರ್ಶನಕ್ಕೆ ನಿಂತೆವು. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ರಾವಣ ತಪಸ್ಸು ಮಾಡಿ ಆತ್ಮಲಿಂಗ ಪಡೆದು ಲಂಕೆಗೆ ಹೊರಟ. ನೆಲಕ್ಕಿಡಬಾರದು ಎಂಬುದು ಕಟ್ಟಳೆ. ಸಂಧ್ಯಾವಂದನೆಯ ಹೊತ್ತಿಗೆ ವಟುವಿನ ವೇಷದ ಗಣಪನ ಕೈಗೆ ಕೊಟ್ಟ. ಗಣಪ ಮೂರು ಸಲ ಕರೆದು, ಭಾರ ತಡೆಯಲಾರೆ ಎಂದು ಕೆಳಗಿಟ್ಟುಬಿಟ್ಟ. ರಾವಣ ಎಷ್ಟು ಎಳೆದರೂ ಲಿಂಗ ಮೇಲೇಳಲಿಲ್ಲ. ತಿರುಚಿ ಆಕಳ ಕಿವಿಯಂತಾಯಿತು. ಅವನು ಕಿತ್ತೆಸೆದ ಚೂರುಗಳು ಬಿದ್ದಲ್ಲಿ ಧಾರೇಶ್ವರ, ಗುಣವಂತೇಶ್ವರ, ಮುರುಡೇಶ್ವರ, ಸಜ್ಜೇಶ್ವರ ಆದವು. ಹೊರಗೆ ಬಂದು ರಥಬೀದಿಯ ಜಗಲಿಯೊಂದರ ಮೇಲೆ ಕೂತಾಗ ಮಧುಗಿರಿಯ ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು: “ನೋಡ್ರೇ, ಕೈಲಿದ್ದ ಭಾರ ಒಂದ್ ಗಳಿಗೆ ಕೆಳಗಿಟ್ಟಿದ್ದಕ್ಕೇ ಈ ಊರು ಆಗಿರೋದು.” ನಾನು ಈ ಕತೆಯನ್ನು ಎಷ್ಟು ಸಲ ಕೇಳಿದ್ದೇನೋ. ಯಾರೂ ಹೀಗೆ ಹೇಳಿದ್ದು ಕೇಳಿರಲಿಲ್ಲ. ಭಾರ ಇಳಿಸಿದ ಜಾಗ ಕ್ಷೇತ್ರವಾಗುತ್ತದೆ ಎಂಬುದನ್ನು, ಮೂವತ್ತು ವರ್ಷ ಹೊರೆ ಇಳಿಸದ ಹೆಂಗಸು ಕಂಡುಕೊಂಡಿದ್ದರು.

ರಥಬೀದಿಯ ಅಂಚಿನಲ್ಲಿ ಹಾಲಕ್ಕಿ ಹೆಂಗಸರು ಹರಿವೆಸೊಪ್ಪು, ಬದನೆ, ಮೂಲಂಗಿ, ಹೂವು ಹರಡಿಕೊಂಡು ಕೂತಿದ್ದರು. ಕತ್ತಿನಿಂದ ಎದೆ ತುಂಬ ಇಳಿದ ಕರಿಮಣಿ ಸರಗಳ ರಾಶಿ, ಭುಜಕ್ಕೆ ಗಂಟು ಹಾಕಿ ಉಟ್ಟ ಸೀರೆ. ಹಾಡಿನಿಂದ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ಗಿಡ ನೆಟ್ಟು ಪದ್ಮಶ್ರೀ ಪಡೆದ ತುಳಸಿ ಗೌಡ ಇಬ್ಬರೂ ಪಕ್ಕದ ಅಂಕೋಲೆಯ ಇದೇ ಸಮುದಾಯದ ಹೆಣ್ಣುಮಕ್ಕಳು. ಅಕ್ಷರ ಕಲಿಯದ ಆ ಇಬ್ಬರು ತಲೆಯಲ್ಲಿ ಹೊತ್ತದ್ದು ಒಂದು ಗ್ರಂಥಾಲಯದಷ್ಟು. ತುಳಸಿ 2024ರ ಡಿಸೆಂಬರಿನಲ್ಲಿ, ಸುಕ್ರಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸೊಪ್ಪಿನ ಅಮ್ಮ ನಮ್ಮ ಚೂರುಬಟ್ಟೆಯ ಚೀಲವನ್ನು ಮುಟ್ಟಿ ನೋಡಿ, “ಇದು ನೀವೇ ಹೊಲಿದದ್ದಾ ತಂಗಿ?” ಎಂದರು. ನಮ್ಮವರು ಅವರ ಮಣಿಸರದ ಕಟ್ಟು ನೋಡಿದರು. ಕೈಕೆಲಸದವರ ಕಣ್ಣು ಮೊದಲು ಹೋಗುವುದು ಗಂಟಿಗೆ.

ಸಂಜೆ ನಾಲ್ಕೂವರೆಗೆ ರಥಬೀದಿ ಹಿಡಿದು ಪಡುವಣಕ್ಕೆ ನಡೆದೆವು. ಬೀದಿ ಮುಗಿಯುತ್ತದೆ, ನಾಲ್ಕು ಅಂಗಡಿ ಮುಗಿಯುತ್ತವೆ, ಮರಳು ಶುರುವಾಗುತ್ತದೆ. ಸಮುದ್ರ ಬಂದೇ ಬಿಟ್ಟಿತು.

ಹದಿನಾಲ್ಕರಲ್ಲಿ ಒಂಬತ್ತು ಜನ ಅವತ್ತಿನವರೆಗೆ ಸಮುದ್ರ ನೋಡಿದವರಲ್ಲ. ಕೂಗಬಹುದು, ಓಡಬಹುದು ಎಂದುಕೊಂಡಿದ್ದೆ. ಯಾರೂ ಓಡಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಒದ್ದೆ ಮರಳು ಶುರುವಾಗುವ ಗೆರೆಯ ಹತ್ತಿರ ನಿಂತುಬಿಟ್ಟರು. ಒಬ್ಬಳು ಬಾಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು, ತುಂಬಿದ ಕೆರೆಗೆ ಬಾಗಿನ ಬಿಡುವಾಗ ಮಾಡುತ್ತಾರಲ್ಲ, ಹಾಗೆ. ಅಲೆ ಬಂದು ಹದಿನಾಲ್ಕು ಜೊತೆ ಪಾದವನ್ನೂ ಒಂದೇ ಸಲ ಮುಚ್ಚಿ, ಹಿಂದೆ ಹೋಗುತ್ತ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡಿತು. ನೆಲವೇ ಸರಿದಂತಾಗಿ ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದರು. ಆಮೇಲೆ ನಗು ಬಂತು. ಮೊಣಕಾಲಿಗಿಂತ ಮುಂದೆ ಹೋಗಬಾರದು ಎಂದು ಮೊದಲೇ ಮಾತಾಗಿತ್ತು; ಜೀವರಕ್ಷಕರ ಸೀಟಿ ಕೇಳುವ ದೂರದಲ್ಲೇ ಇದ್ದೆವು. ಆಳಕ್ಕೆ ಹೋಗುವ ಆಸೆ ಯಾರಿಗೂ ಇರಲಿಲ್ಲ. ಅಲೆ ಎಣಿಸಲು ಶುರುಮಾಡಿದ ಒಬ್ಬಳು ಮೂವತ್ತಕ್ಕೆ ತಾನೇ ಬಿಟ್ಟಳು. “ಇದಕ್ಕೆ ಟಾರ್ಗೆಟ್ಟೇ ಇಲ್ವಲ್ಲಕ್ಕ” ಎಂದಳು. ದನಿಯಲ್ಲಿ ಆಶ್ಚರ್ಯವಿತ್ತು, ಒಂದು ಬಗೆಯ ಸಮಾಧಾನವೂ ಇತ್ತು.

ನಮ್ಮಲ್ಲಿ ಸಮುದ್ರದ ಜೊತೆ ಬೆಳೆದವಳು ಒಬ್ಬಳೇ, ಒಡಿಶಾದ ಬಾಲೇಶ್ವರದ ಹುಡುಗಿ. ಹತ್ತೊಂಬತ್ತಕ್ಕೆ ಪೀಣ್ಯಕ್ಕೆ ಬಂದು, ಹಾಸ್ಟೆಲ್ಲಿನಲ್ಲಿ ಇದ್ದು, ಲೈನಿನಲ್ಲೇ ಕನ್ನಡ ಕಲಿತವಳು. ಅವಳ ಜಿಲ್ಲೆಯ ಚಾಂದೀಪುರದಲ್ಲಿ ಇಳಿತದ ಹೊತ್ತಿಗೆ ಕಡಲು ಮೈಲುಗಟ್ಟಲೆ ಹಿಂದೆ ಸರಿದು, ಜನ ಅದರ ತಳದ ಮೇಲೆ ನಡೆದು ಹೋಗುತ್ತಾರಂತೆ. ನಾಲ್ಕು ವರ್ಷದ ಮೇಲೆ ಉಪ್ಪುಗಾಳಿ ಮೂಗಿಗೆ ಬಿದ್ದದ್ದೇ ಅವಳ ಮುಖ ಬೇರೆಯಾಯಿತು. ಲೈನಿನಲ್ಲಿ ತಲೆ ತಗ್ಗಿಸಿ ಇರುವವಳು ಇಲ್ಲಿ ನಮಗೆಲ್ಲ ಗುರುವಾದಳು. ಅಲೆಗೆ ಎದುರಾಗಿ ನಿಲ್ಲಬೇಡಿ, ಓರೆಯಾಗಿ ನಿಲ್ಲಿ. ಒದ್ದೆ ಸೀರೆಯಲ್ಲಿ ಕೂರಬೇಡಿ, ಮರಳು ಅರೆಯುತ್ತದೆ. ರಾತ್ರಿ ಜಗಲಿಯ ಮೇಲೆ ಕೂತು ತನ್ನೂರಿನ ಕಾರ್ತಿಕ ಹುಣ್ಣಿಮೆಯ ವಿಷಯ ಹೇಳಿದಳು. ಹಿಂದೆ ಕಳಿಂಗದ ವ್ಯಾಪಾರಿಗಳು ಬಾಲಿ, ಜಾವಾ, ಸುಮಾತ್ರಾಗಳಿಗೆ ಹಡಗಿನಲ್ಲಿ ಹೋಗುತ್ತಿದ್ದರು. ಅವರ ನೆನಪಿಗೆ ಬಾಳೆಪಟ್ಟೆಯ, ಕಾಗದದ ಪುಟ್ಟ ದೋಣಿಗಳಲ್ಲಿ ದೀಪವಿಟ್ಟು ನೀರಿಗೆ ಬಿಡುತ್ತಾರೆ. ಕಟಕದಲ್ಲಿ ಮಹಾನದಿಯ ದಂಡೆಯ ಮೇಲೆ ನಡೆಯುವ ಜಾತ್ರೆಯ ಹೆಸರೇ ಬಾಲಿ ಯಾತ್ರೆ. ಫೋನಿನಲ್ಲಿ ನೋಡಿದ ಹೊಯ್ ಆನ್‌ನ ದೀಪಗಳು ನಮಗೆಲ್ಲ ಒಟ್ಟಿಗೇ ನೆನಪಾದವು. ಅಜ್ಜಿ ಹಿತ್ತಲಿನಿಂದ ಬಾಳೆಪಟ್ಟೆ ತಂದುಕೊಟ್ಟರು. ಹುಡುಗಿ ಅದಕ್ಕೆ ತೆಂಗಿನ ಕಡ್ಡಿ ಚುಚ್ಚಿ ಅಂಗೈಯಷ್ಟು ದೋಣಿ ಮಾಡಿದಳು. ಎರಡು ತುದಿಯೂ ಸಮನಾಗಿ ಮಡಚಿದ್ದವು. ಕಾಲರಿನ ಮೂಲೆ ತಿರುಗಿಸುವ ಬೆರಳುಗಳು.

ಮರುದಿನ ಆಟೊ ಮಾಡಿಕೊಂಡು ತದಡಿಗೆ ಹೋದೆವು. ಅಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಶಿರಸಿಯ ಹತ್ತಿರ ಹುಟ್ಟಿ ಒಂದು ದೊಡ್ಡ ಅಣೆಕಟ್ಟೂ ಇಲ್ಲದೆ ಕಡಲಿಗೆ ಬರುವ ಹೊಳೆ ಇದು. ಇದರ ದಡದಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ ಬರುವುದಿತ್ತು. ಇಲ್ಲಿಯ ಜನ ಒಪ್ಪಲಿಲ್ಲ, ಬರಲಿಲ್ಲ. ಈ ಅಳಿವೆಗೆ 2024ರಲ್ಲಿ, ಜಗತ್ತಿನ ಮುಖ್ಯ ಜೌಗುನೆಲಗಳನ್ನು ಗುರುತಿಸುವ ರಾಮ್ಸಾರ್ ಪಟ್ಟಿಯ ಮನ್ನಣೆ ಸಿಕ್ಕಿತು. ಅದರ ಜೊತೆಗೇ ಆ ಪಟ್ಟಿಗೆ ಸೇರಿದ ಕರ್ನಾಟಕದ ಇನ್ನೆರಡು ನೀರಿನ ತಾಣಗಳಲ್ಲಿ ಒಂದು ಗದಗ ಜಿಲ್ಲೆಯ ಮಾಗಡಿ ಕೆರೆ, ಇನ್ನೊಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಅದೂ ಒಂದು ಕೆರೆಯೇ, ನಮ್ಮ ನಾಗಸಮುದ್ರದ ಹಾಗೆ. ಕಾಯ್ದುಕೊಂಡ ಕೆರೆಯೊಂದು ಕಡಲ ಬಾಯಿಯ ಪಕ್ಕದಲ್ಲಿ ಕೂತು ಮನ್ನಣೆ ಪಡೆದದ್ದು ನೋಡಿದಾಗ, ಹಿರಿಯರು ಕೆರೆಗೆ ಸಮುದ್ರ ಎಂದದ್ದು ಬಾಯಿಮಾತಲ್ಲ ಅನ್ನಿಸುತ್ತದೆ. ಆ ಹೆಸರನ್ನು ಹೊತ್ತ ನಮ್ಮ ಊರುಗಳ ಮೇಲೆ ಒಂದು ಋಣವಿದೆ.

ದೋಣಿಯಲ್ಲಿ ಆಚೆ ದಡಕ್ಕೆ ಹೊರಟಾಗ ಬೆಳಗಿನ ಹತ್ತು ಗಂಟೆ. ನಡುಹೊಳೆಯಲ್ಲಿ ಬಾಲೇಶ್ವರದ ಹುಡುಗಿ ಬಾಳೆಪಟ್ಟೆಯ ದೋಣಿಯನ್ನು ನೀರಿಗೆ ಬಿಟ್ಟಳು. ಹಗಲಾದ್ದರಿಂದ ದೀಪವಿರಲಿಲ್ಲ, ಒಂದು ದಾಸವಾಳ ಇತ್ತು. ಅದು ಒಂದು ಸುತ್ತು ತಿರುಗಿ, ನೆಟ್ಟಗೆ ಕಡಲಿನ ಕಡೆಗೆ ಹೊರಟಿತು. “ಈಗ ಇಳಿತ. ಎಲ್ಲ ಆಚೆಗೇ ಹೋಗ್ತದೆ” ಎಂದ ದೋಣಿಯವ. ಉಬ್ಬರದಲ್ಲಿ ಬಿಟ್ಟಿದ್ದರೆ ಹೊಳೆಯ ಮೇಲಕ್ಕೆ ಹೋಗುತ್ತಿತ್ತಂತೆ. ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿತ. ಇವತ್ತು ಹನ್ನೊಂದರ ಸುಮಾರಿಗೆ ಪೂರ್ತಿ ಇಳಿದರೆ ನಾಳೆ ಮುಕ್ಕಾಲು ಗಂಟೆ ತಡ, ನಾಡಿದ್ದು ಇನ್ನೂ ಮುಕ್ಕಾಲು ಗಂಟೆ. ಚಂದ್ರ ತಡವಾದಷ್ಟೂ ನೀರು ತಡ. ಮಧುಗಿರಿಯ ಅಕ್ಕ ಅವನನ್ನು ಎರಡು ಸಲ ಕೇಳಿ ಲೆಕ್ಕ ಸರಿಮಾಡಿಕೊಂಡರು.

ನೀರು ಇಳಿದಂತೆ ಹೊಳೆಯ ನಡುವೆ ಕಂದು ದಿಬ್ಬಗಳು ಮೇಲೆದ್ದವು. ಎಲ್ಲಿಂದಲೋ ಹೆಂಗಸರು ಬಂದು ನೀರಿಗಿಳಿದರು. ಮೊಣಕಾಲು, ಸೊಂಟದವರೆಗಿನ ನೀರಿನಲ್ಲಿ ನಿಂತು ಬೆಳಚು ಹೆಕ್ಕುವವರು. ನಾವು ನಿಂತ ದಡಕ್ಕೆ ಹತ್ತಿರದಲ್ಲೇ ಒಬ್ಬಾಕೆ ಇದ್ದರು. ಅವರ ಕಣ್ಣು ಎಲ್ಲೋ ಇರುತ್ತಿತ್ತು, ನೋಡುತ್ತಿದ್ದದ್ದು ಪಾದ. ಹೆಬ್ಬೆರಳು ಕೆಸರಿನಲ್ಲಿ ನಿಧಾನವಾಗಿ ಒತ್ತಿ, ಗಟ್ಟಿಯಾದದ್ದು ತಗುಲಿದಲ್ಲಿ ನಿಲ್ಲುತ್ತಿತ್ತು. ಆಗ ಬಾಗಿ ಕೈ ಹಾಕಿದರೆ ಮುಷ್ಟಿಯ ತುಂಬ ಚಿಪ್ಪು. ನೀರಲ್ಲಿ ಅಲುಗಿಸಿ, ಚಿಕ್ಕದನ್ನು ವಾಪಸ್ ಬಿಟ್ಟು, ದೊಡ್ಡದನ್ನು ಬುಟ್ಟಿಗೆ ಹಾಕುತ್ತಿದ್ದರು. ಬುಟ್ಟಿಯ ಹಗ್ಗ ಸೊಂಟಕ್ಕೆ ಕಟ್ಟಿತ್ತು. ಅವರು ಸರಿದಂತೆ ಅದೂ ಹಿಂದೆಯೇ ತೇಲಿ ಬರುತ್ತಿತ್ತು. ಪೆಡಲಿನ ಮೇಲೆ ಕಾಲಿಟ್ಟು ಬದುಕಿದ ನಮಗೆ ಆ ಪಾದದ ಬುದ್ಧಿ ತಟ್ಟನೆ ಅರ್ಥವಾಯಿತು. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಕಾಲಿಗೆ ತಾನಾಗಿ ಗೊತ್ತಿರುತ್ತದೆ. “ದಿನಾ ಎಷ್ಟೊತ್ತು ಅಮ್ಮ?” ಎಂದು ಕೇಳಿದರೆ, “ನೀರು ಬಿಟ್ಟಷ್ಟೊತ್ತು” ಎಂದರು. ಸೊಂಟ ನೋಯುತ್ತದೆ ಎಂದೂ ಹೇಳಿದರು. ಅವರ ಕೆಲಸ ನಮ್ಮದಕ್ಕಿಂತ ಹಗುರ ಎಂದು ನಾನು ಹೇಳಲಾರೆ. ಆದರೆ ಹೊಳೆ ತುಂಬಿ ಬಂದಾಗ ಎಲ್ಲರೂ ಒಟ್ಟಿಗೇ ದಡಕ್ಕೆ ಬರುತ್ತಾರೆ. ತುಂಬಿದ ಹೊಳೆ ಇನ್ನೊಂದು ಗಂಟೆ ಇರು ಎಂದು ಯಾರನ್ನೂ ಕೇಳುವುದಿಲ್ಲ.

ವಾಪಸ್ ಬರುವಾಗ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದೆವು. ಸುಗ್ಗಿ ಆಗಷ್ಟೇ ಶುರುವಾ­ಗುತ್ತಿತ್ತು. ಉಬ್ಬರದ ನೀರನ್ನು ತೂಬಿನಿಂದ ಒಳಗೆ ಬಿಟ್ಟು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಕಾಯಿಸುತ್ತಾರೆ. ಕೊನೆಯ ಪಾತಿಯಲ್ಲಿ ನೀರಿನ ಮೇಲೆ ಕೆನೆಯಂತೆ ಹರಳು ಕಟ್ಟುತ್ತದೆ. ಉದ್ದ ಕೋಲಿನ ಹಲಗೆಯಿಂದ ಅದನ್ನು ಎಳೆದು ಬದುವಿನ ಮೇಲೆ ಗುಪ್ಪೆ ಹಾಕುತ್ತಾರೆ. ಮಣ್ಣಿನ ತಳದ ಪಾತಿಯಾದ್ದರಿಂದ ಉಪ್ಪಿಗೆ ತುಸು ಕಂದು ಬಣ್ಣ. ಈ ಕರಾವಳಿಯಲ್ಲಿ ಉಪ್ಪಿಗೆ ಇನ್ನೊಂದು ನೆನಪೂ ಇದೆ: 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಕಡಲ ದಂಡೆಯಲ್ಲಿ ಉಪ್ಪು ಮಾಡಿ ಬ್ರಿಟಿಷರ ಕಾನೂನು ಮುರಿದರು. ಆಗರದ ಪಕ್ಕದ ಹನೇಹಳ್ಳಿ ಯಶವಂತ ಚಿತ್ತಾಲರ ಊರು. ಗೋಕರ್ಣ ಜಯಂತ ಕಾಯ್ಕಿಣಿಯವರ ಊರು. ಇಬ್ಬರೂ ಇಲ್ಲಿಂದ ಮುಂಬಯಿಗೆ ಹೋಗಿ, ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತ ಕತೆ ಬರೆದರು. ನಾವು ಸಿರಾ, ಗುಬ್ಬಿ, ಮಧುಗಿರಿ ಬಿಟ್ಟು ಪೀಣ್ಯಕ್ಕೆ ಬಂದಂತೆ ಈ ಕಡಲಿನ ಮಕ್ಕಳೂ ದುಡಿಮೆ ಹುಡುಕಿ ಊರು ಬಿಟ್ಟವರೇ.

ಅವತ್ತು ಮಧ್ಯಾಹ್ನ ಏನೂ ಮಾಡಲಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾವು ಹೋದದ್ದೇ ಇದಕ್ಕೆ. ಊಟಕ್ಕೆ ಒಂದೆಲಗದ ತಂಬುಳಿ, ಕೆಂಪಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ. ಉಂಡ ಮೇಲೆ ಜಗಲಿಯ ತಣ್ಣನೆ ನೆಲದ ಮೇಲೆ ಹದಿನಾಲ್ಕೂ ಜನ ಮಲಗಿದೆವು. ಒಬ್ಬಳು ಗೊರಕೆ ಹೊಡೆದಳು. ಹನ್ನೆರಡು ವರ್ಷದಲ್ಲಿ ಹಗಲು ನಿದ್ದೆ ಮಾಡಿದ್ದು ಹೆರಿಗೆಯಾದಾಗ ಮಾತ್ರ ಎಂದು ಎದ್ದ ಮೇಲೆ ನಾಚಿಕೊಂಡು ಹೇಳಿದಳು. ಬಿಸಿಲು ಇಳಿದ ಮೇಲೆ ಗುಡ್ಡ ಹತ್ತಿ ಕುಡ್ಲೆ ಕಡಲತೀರಕ್ಕೆ, ಅಲ್ಲಿಂದ ಕಲ್ಲುದಾರಿಯಲ್ಲಿ ಓಂ ಬೀಚಿಗೆ ನಡೆದೆವು. ಮೇಲಿನಿಂದ ನೋಡಿದರೆ ದಂಡೆ ನಿಜಕ್ಕೂ ಓಂಕಾರದ ಹಾಗೆ ಎರಡು ಸಲ ಬಾಗಿದೆ. ಬಂಡೆಯ ಮೇಲೆ ಕೂತು ಮುರುಗಲ ಹಣ್ಣಿನ ಶರಬತ್ತು ಕುಡಿದೆವು. ಮೊದಲ ದಿನ ಎಲ್ಲರೂ ಹತ್ತು ನಿಮಿಷಕ್ಕೊಮ್ಮೆ ಫೋನು ತೆಗೆದು ಹೊತ್ತು ನೋಡುತ್ತಿದ್ದರು. ಇಲ್ಲಿ ಯಾರೂ ನೋಡಲಿಲ್ಲ. ಸೂರ್ಯ ನೀರಿಗೆ ಮುಟ್ಟಿದಾಗ ಸಂಜೆ ಎಂದು ತಿಳಿಯಿತು, ಅಷ್ಟು ಸಾಕಾಯಿತು.

ಅಷ್ಟಮಿಯ ಆಸುಪಾಸಿನ ಅರ್ಧ ಚಂದ್ರ ನೆತ್ತಿಯ ಮೇಲಿದ್ದ. ಊಟವಾದ ಮೇಲೆ ಮತ್ತೆ ಊರ ಮುಂದಿನ ಮರಳಿಗೆ ಬಂದು ಗುಂಡಾಗಿ ಕೂತೆವು. ಮಾತು ಹೇಗೋ 2016ಕ್ಕೆ ಹೋಯಿತು. ಆ ವರ್ಷ ಏಪ್ರಿಲ್ 18, 19ರಂದು, ಭವಿಷ್ಯನಿಧಿಯ ದುಡ್ಡು ತೆಗೆಯುವುದಕ್ಕೆ ಕೇಂದ್ರ ಸರ್ಕಾರ ತಂದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದಿದ್ದರು. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ನಿಂತುಹೋಗಿದ್ದವು. ಎರಡನೇ ದಿನವೇ ನಿಯಮ ವಾಪಸ್ಸಾಯಿತು. ನಮ್ಮಲ್ಲಿ ಆರು ಜನ ಅವತ್ತು ಆ ರಸ್ತೆಯಲ್ಲಿ ಇದ್ದವರು. ಬಿಸಿಲು, ಭಯ, ಲಾಠಿ, ಓಟ ಎಲ್ಲ ಹೇಳಿಕೊಂಡರು. ಕೊನೆಗೆ ಮಧುಗಿರಿಯ ಅಕ್ಕ ಎಂದರು: “ಕೆಲ್ಸದ್ ಹೊತ್ನಾಗೆ ಎಲ್ರೂ ಒಟ್ಟಿಗೆ ಕೂತಿದ್ದು ಅಂದ್ರೆ ಅವತ್ತೇ. ಅವತ್ತು ನಮ್ ದುಡ್ಡು ನಮ್ಗೇ ಕೊಡಿ ಅಂತ ಕೂತಿದ್ವಿ. ಇವತ್ತು ನಮ್ ಹೊತ್ತು ನಮ್ಗೇ ಅಂತ ಕೂತಿದೀವಿ.” ಯಾರೂ ಮಾತಾಡಲಿಲ್ಲ. ಅಲೆ ಬಂದು ಹೋಗುವ ಸದ್ದು. ಬಿಡುವು ಎಂಬುದು ಉಳ್ಳವರ ಸೊಗಸು ಎಂದೇ ನಾನೂ ತಿಳಿದಿದ್ದೆ. ಹೊತ್ತನ್ನು ಚೂರು ಚೂರಾಗಿ ಕತ್ತರಿಸಿ ಮಾರಿ ಬದುಕುವವರಿಗೆ, ಕತ್ತರಿಸದ ಒಂದು ಇಡೀ ಹಗಲು ಕೂಲಿಯಷ್ಟೇ ಬೇಕು.

ಸೋಮವಾರ ಮಧ್ಯಾಹ್ನ ಹೊರಟೆವು. ಅಜ್ಜಿ ಬಾಗಿಲಿಗೆ ಬಂದು ಹದಿನಾಲ್ಕು ಜನಕ್ಕೂ ಕುಂಕುಮ ಕೊಟ್ಟರು. ಸಾಣಿಕಟ್ಟೆಯ ಉಪ್ಪು ಒಂದೊಂದು ಸೇರು ಎಲ್ಲರ ಚೀಲದಲ್ಲೂ ಇತ್ತು. ಡಬ್ಬದಲ್ಲಿ ಉಳಿದ ದುಡ್ಡನ್ನು ಎಣಿಸಿ ಮುಂದಿನ ವರ್ಷದ ಚೀಟಿಗೆ ಮೊದಲ ಕಂತು ಎಂದು ಬಸ್ಸಿನಲ್ಲೇ ಬರೆದಿಟ್ಟೆವು. ಮಂಗಳವಾರ ಬೆಳಗಿನ ಜಾವ ಎಂಟನೇ ಮೈಲಿಯಲ್ಲಿ ಇಳಿದಾಗ ಮೊದಲ ಮೆಟ್ರೊ ಇನ್ನೂ ಹೊರಟಿರಲಿಲ್ಲ. ಒಂಬತ್ತಕ್ಕೆ ಎಲ್ಲರೂ ಅವರವರ ಮೆಷಿನ್ನಿನ ಮುಂದೆ ಇದ್ದರು.

ಆ ಸಂಜೆ ಗುಬ್ಬಿಯ ಹುಡುಗಿ ರವಿಕೆ ಕೊಡಲು ನನ್ನಲ್ಲಿಗೆ ಬಂದವಳು ಹೇಳಿದಳು. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಬೆಲ್ ಆಗಿದೆ. ಮಧುಗಿರಿಯ ಅಕ್ಕ ಡಬ್ಬಿ ಬಿಚ್ಚಿ, ತುತ್ತು ಎತ್ತುವ ಮುಂಚೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದರಂತೆ. ಟಾರ್ಗೆಟ್ಟಿನ ಲೆಕ್ಕ ಇರಬೇಕು ಎಂದು ಇವಳು ಅಂದುಕೊಂಡಿದ್ದಾಳೆ. ಭಾನುವಾರ ಹನ್ನೊಂದು, ಸೋಮವಾರ ಹನ್ನೊಂದೂ ಮುಕ್ಕಾಲು. ಅಕ್ಕ ತಲೆ ಎತ್ತಿ ಎದುರಿನ ಗೋಡೆ ನೋಡುತ್ತ, “ಈಗ ಅಲ್ಲಿ ನೀರು ಇಳಿದಿರುತ್ತೆ ಕಣೇ” ಎಂದರಂತೆ.